ಮಾವನವರಿಗೆ ಹೆಬ್ಬಾತು ತೋರಿಸಲು ಹೋದದ್ದು

ಹಕ್ಕಿಗಳ ವಿಷಯದಲ್ಲಿ ನನಗಿರುವಷ್ಟು ತಿಳಿವಳಿಕೆ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬರಿಗೆ ಇರಲಿಕ್ಕಿಲ್ಲ ಎಂದು ಈ ಸಂಕ್ರಮಣದವರೆಗೂ ನಾನು ನಂಬಿದ್ದೆ. ನಂಬಲು ಕಾರಣವಿತ್ತು. ಗದಗಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಜಾವಳದ ಪತ್ರಿಕೆ, ರಸೀದಿ ಪುಸ್ತಕ ಇವೇ ನಮ್ಮ ದಿನದ ಸರಕು. ಎರಡು ವರ್ಷದ ಹಿಂದೆ ಒಂದು ಶಾಲೆಯವರು ಕೆರೆಯ ಹಕ್ಕಿಗಳ ಬಗ್ಗೆ ನಲವತ್ತು ಪುಟದ ಪುಸ್ತಿಕೆ ಮಾಡಿಸಿದರು. ಅದರ ಕರಡು ತಿದ್ದಿದವನು ನಾನು. ಒಂದು ಸಲವಲ್ಲ, ಮೂರು ಸಲ! ಹಾಗಾಗಿ ಪಟ್ಟೆತಲೆ ಹೆಬ್ಬಾತು ಎಂದರೆ ಬೂದುಬಿಳಿ ಮೈ, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಹಿಮಾಲಯ ದಾಟಿ ನಮ್ಮ ಕಡೆ ಬರುವ ವಲಸೆ ಹಕ್ಕಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಹಕ್ಕಿಯನ್ನು ನೋಡಿರಲಿಲ್ಲ, ಅಷ್ಟೇ. ಪುಸ್ತಿಕೆಯಲ್ಲಿ ಅದರ ಚಿತ್ರವಿತ್ತು ನಿಜ. ಆದರೆ ಮಸಿ ಕೊಂಚ ಹೆಚ್ಚಾಗಿ ಹೆಬ್ಬಾತು, ಕೊಕ್ಕರೆ ಮತ್ತು ಶಾಲೆಯ ಅಧ್ಯಕ್ಷರ ಭಾವಚಿತ್ರ ಮೂರೂ ಒಂದೇ ಥರ ಮೂಡಿದ್ದವು.

ಆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುವ ಮಾಗಡಿ ಕೆರೆ ನಮ್ಮ ಮನೆಯಿಂದ ಬಸ್ಸಿಗೆ ಒಂದು ತಾಸಿನ ಹಾದಿ. ಎಲ್ಲೆಲ್ಲಿಂದಲೋ ಜನ ಮೊಣಕೈ ಉದ್ದದ ಕ್ಯಾಮೆರಾ ಹೊತ್ತು ಅಲ್ಲಿಗೆ ಬರುತ್ತಾರೆ. ಐವತ್ತೆರಡು ವರ್ಷ ಇಲ್ಲೇ ಬಾಳಿದ ನಾನು ಹೋಗಿರಲಿಲ್ಲ. ಪ್ರೆಸ್ಸಿನ ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗುವಾಗ ಬಸ್ಸು ಆ ಕಡೆಯಿಂದಲೇ ಹಾಯುತ್ತದೆ. ನನಗೆ ಪ್ರತಿ ಸಲವೂ ಅಲ್ಲಿಗೆ ಬಂದಾಗಲೇ ನಿದ್ದೆ ಹತ್ತುತ್ತದೆ.

ಸಂಕ್ರಮಣದ ಮರುದಿನ ನನ್ನ ಹೆಂಡತಿ ಗಿರಿಜಾಳ ಕಾಕಾ ನಮ್ಮ ಮನೆಗೆ ಬಂದರು. ಇಂಡಿ ಕಡೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಈಗ ಎಪ್ಪತ್ತೆರಡು ವಯಸ್ಸು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರನ್ನು ದನಿಯಿಂದ ಗುರುತು ಹಿಡಿಯುವ ಹಂತಕ್ಕೆ ಬಂದಿದ್ದರು. ಮುಂದಿನ ವಾರ ಊರಲ್ಲಿ ಆಪರೇಷನ್ ಇತ್ತು. ಅದಕ್ಕೂ ಮೊದಲು ಅಣ್ಣನ ಮಗಳ ಕೈಯ ಊಟ ಮಾಡಿ ಹೋಗೋಣವೆಂದು ಎರಡು ದಿನದ ಮಟ್ಟಿಗೆ ಬಂದಿದ್ದರು.

ಊಟಕ್ಕೆ ಕೂತಾಗ ಮಾತು ಕೆರೆಯತ್ತ ಹೊರಳಿತು. ಕಾಕಾ ತುತ್ತು ಕೈಯಲ್ಲೇ ಹಿಡಿದು ಒಂದು ಸಂಗತಿ ಹೇಳಿದರು.

"ಒಂದ್ ಸಲ ಏಳನೇತ್ತಾಕ್ಕ ವಲಸಿ ಹಕ್ಕಿ ಪಾಠ ಮಾಡಾಕತ್ತಿದ್ದೆ. ಬೋರ್ಡಿನ ಮ್ಯಾಲ ಹೆಬ್ಬಾತಿನ ಚಿತ್ರ ತಗದಿದ್ದೆ. ಹಿಂದಿನ ಸಾಲಿನ ಒಬ್ಬಾಕಿ ಹುಡಿಗಿ ಎದ್ದು ನಿಂತು, 'ಸರ, ಇದನ್ನ ನೀವು ನೋಡೀರೇನ್ರಿ?' ಅಂತ ಕೇಳಿದ್ಳು. ಇಡೀ ಕ್ಲಾಸು ನನ್ನ ಮಾರಿನ ನೋಡಾಕತ್ತಿತ್ತು. 'ಹೂಂ, ನೋಡೀನಿ' ಅಂದುಬಿಟ್ಟೆ. ಮೂವತ್ತು ವರ್ಷದಾಗ ನಾ ಮಕ್ಕಳಿಗೆ ಹೇಳಿದ ಸುಳ್ಳು ಅದೊಂದ ನೋಡವ್ವಾ. ಇನ್ನೂ ಚುಚ್ಚತೈತಿ."

"ಆಪರೇಷನ್ ಆದಮ್ಯಾಲೆ ಬರ್ರಿ ಕಾಕಾ, ಕಣ್ಣು ತುಂಬ ನೋಡೀರಂತ" ಎಂದಳು ಗಿರಿಜಾ.

"ಅಷ್ಟೊತ್ತಿಗೆ ಹಕ್ಕಿ ತಮ್ಮ ಊರಿಗೆ ಹೊಂಟಿರ್ತಾವ. ಮುಂದಿನ ವರ್ಷದ ಮಾತು ನನ್ನ ವಯಸ್ಸಿನವ್ರು ಆಡಬಾರದವ್ವಾ."

ಆಗ ನಾನು ಸುಮ್ಮನೆ ಅನ್ನ ಕಲಸಿಕೊಂಡು ಉಣ್ಣಬಹುದಿತ್ತು. ಹಾಗೆ ಮಾಡಿದ್ದರೆ ಈ ಬರಹ ನೀವು ಓದುತ್ತಿರಲಿಲ್ಲ. "ಮಾವಾರ, ಹೆಬ್ಬಾತೇನು ದೊಡ್ಡ ಮಾತು? ನಾಳೇನ ತೋರಸ್ತೀನಿ. ಮಾಗಡಿ ಕೆರಿ ಅಂದ್ರ ನನಗ ಹಿತ್ತಲ ಇದ್ದಂಗ. ನಾ ವರ್ಷಾ ಹೋಗಾಂವ" ಎಂದೆ. ಸಾರಿನ ಸೌಟು ಗಿರಿಜಾಳ ಕೈಯಲ್ಲಿ ಗಾಳಿಯಲ್ಲೇ ನಿಂತಿತು. ಕಾಕಾ ಮಾತ್ರ ನನ್ನ ದನಿ ಬಂದ ಕಡೆ ತಿರುಗಿ, "ಖರೇನ ಅಳಿಯಂದ್ರ?" ಎಂದರು. ಆ ಪ್ರಶ್ನೆಯಲ್ಲಿ ಎಷ್ಟು ಆಸೆ ಇತ್ತೆಂದರೆ ನನಗೇ ಒಳಗೊಳಗೆ ಹೆದರಿಕೆಯಾಯಿತು.

ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು.

"ಯಾವ ವರ್ಷ ಹೋಗಿದ್ರಿ ನೀವು?"

"ಹೋಗೋದ್ಯಾಕ? ಪುಸ್ತಕದಾಗ ಎಲ್ಲಾ ಐತಿ."

"ಪುಸ್ತಕದಾಗ ನಿಮ್ಮ ಹೆಸರು ಮುದ್ರಕರು ಅಂತ ಐತಿ. ನೆನಪಿರ್ಲಿ. ಕಾಕಾನ ಆಸೆ ಜೋಡಿ ಆಟ ಆಡಬ್ಯಾಡ್ರಿ."

ಅಪನಂಬಿಕೆಯೇ ಹೆಂಡಂದಿರ ಧರ್ಮವೆಂದು ಅವಳನ್ನು ಕ್ಷಮಿಸಿ, ನಾನು ತಯಾರಿಗೆ ತೊಡಗಿದೆ. ಪುಸ್ತಿಕೆಯ ಮೂವತ್ತೆಂಟನೆಯ ಪುಟದಲ್ಲಿ ವೀಕ್ಷಕರಿಗೆ ಸೂಚನೆಗಳಿದ್ದವು. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕೂಡದು. ಮಾತು ಕೂಡದು. ಸಪ್ಪಳ ಮೊದಲೇ ಕೂಡದು. ಬೆಳಿಗ್ಗೆ ಗಿರಿಜಾ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಬಂದಳು. ಅದನ್ನು ಬದಲಿಸಬೇಕೆಂದು ಆದೇಶ ಹೊರಡಿಸಿದೆ. ಅವಳು ಮಣ್ಣುಬಣ್ಣದ ಹಳೆಯ ಸೀರೆ ಉಟ್ಟು, ಬಸ್ಸು ಹತ್ತುವವರೆಗೂ ನನ್ನೊಡನೆ ಮಾತಾಡಲಿಲ್ಲ. ನಾನು, ಮಸಿ ಕಾಣದಿರಲೆಂದು ಪ್ರೆಸ್ಸಿನ ಕೆಲಸಕ್ಕೆ ಹೊಲಿಸಿದ್ದ ಖಾಕಿ ಅಂಗಿ, ಖಾಕಿ ಪ್ಯಾಂಟು ತೊಟ್ಟೆ. ತಲೆಗೆ ಟೊಪ್ಪಿಗೆ. ಪಕ್ಕದ ಮನೆಯವರಿಂದ ತಂದ ದುರ್ಬೀನು ಕೊರಳಿಗೆ. ಕನ್ನಡಿಯಲ್ಲಿ ನೋಡಿಕೊಂಡಾಗ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಗಿರಿಜಾಳ ಕೈಯಲ್ಲಿ ಬುತ್ತಿಯ ಗಂಟಿತ್ತು. ಸಂಕ್ರಮಣದ ದಿನಗಳಲ್ಲಿ ನೀರಿನ ದಂಡೆಗೆ ಹೋಗುವುದೆಂದರೆ ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬರುವುದು ಎಂದೇ ನಮ್ಮಲ್ಲಿ ಅರ್ಥ. ಎಳ್ಳು ಹಚ್ಚಿ ಗರಿಗರಿಯಾಗಿ ಒಣಗಿಸಿದ ಸಜ್ಜೆಯ ಕಟಕ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಸೀರೆಯ ಬಣ್ಣ ಪರೀಕ್ಷಿಸಿದ ನಾನು ಬುತ್ತಿಯನ್ನು ಪರೀಕ್ಷಿಸಲಿಲ್ಲ. ಮೂವತ್ತೆಂಟನೆಯ ಪುಟದಲ್ಲಿ ರೊಟ್ಟಿಯ ಮಾತೇ ಇರಲಿಲ್ಲ.

ಬಸ್ಸಿಳಿದು ಕೆರೆಯತ್ತ ನಡೆಯುತ್ತಿದ್ದೆವು. ಬದುವಿನ ಮೇಲೆ ಕೂತಿದ್ದ ರೈತನೊಬ್ಬ ನನ್ನ ಖಾಕಿಯನ್ನು ನೋಡಿದ್ದೇ ತಡ, ಎದ್ದು ಬಂದು ಕೈ ಮುಗಿದ.

"ಇವತ್ತರೆ ಬಂದ್ರೆಲ್ಲಾ ಸಾಹೇಬ್ರ. ನಮ್ಮ ಕಡ್ಲಿ ಹೊಲ ನೋಡ್ರಿ ಬರ್ರಿ. ಹಕ್ಕಿ ಇಳದು ಹೆಂಗ ಮೇದು ಹೋಗ್ಯಾವ ನೀವ ನೋಡ್ರಿ."

ನಾನು ಲಗ್ನಪತ್ರಿಕೆ ಅಚ್ಚು ಹಾಕುವವನು ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಐವತ್ತೆರಡು ವರ್ಷದಲ್ಲಿ ನನ್ನನ್ನು ಸಾಹೇಬರೇ ಎಂದು ಕರೆದವರು ಯಾರೂ ಇರಲಿಲ್ಲ. "ನಡೀರಿ, ಪರಿಶೀಲಿಸೂಣು" ಎಂದು ದನಿ ದಪ್ಪ ಮಾಡಿ ಹೊಲಕ್ಕೆ ಇಳಿದೇಬಿಟ್ಟೆ. ಆತ ಒಂದೊಂದು ಸಾಲನ್ನೂ ತೋರಿಸಿದ. ಒಂದೊಂದು ಗಿಡದ ಮುಂದೆಯೂ ನಿಲ್ಲಿಸಿದ. ನಾನು ಹುಬ್ಬು ಗಂಟಿಕ್ಕಿ, ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಏನೇನೋ ಬರೆದುಕೊಂಡೆ. ಗಿರಿಜಾ ಮತ್ತು ಕಾಕಾ ಬೇವಿನ ಮರದ ನೆರಳಲ್ಲಿ ಕೂತು ನನ್ನ ಸರ್ಕಾರಿ ಸೇವೆ ಮುಗಿಯುವುದನ್ನೇ ಕಾದರು. ಹೀಗೆ ತಂಪು ಹೊತ್ತಿನ ಒಂದು ತಾಸು ಕಳೆಯಿತು.

ಕೊನೆಗೆ ನಾನು ಗಂಭೀರವಾಗಿ, "ಆತು, ಈಗ ಆ ಹಕ್ಕಿ ಎಲ್ಲಿ ಅದಾವ?" ಎಂದೆ.

ರೈತ ನನ್ನ ಮುಖವನ್ನೇ ನೋಡಿದ. "ಕೆರ್ಯಾಗ ಅದಾವ್ರಿ. ಮತ್ತೆಲ್ಲಿ ಇರ್ತಾವ?" ಎಂದ. ಆಮೇಲೆ, "ವರದಿ ಯಾವಾಗ ಕಳಸ್ತೀರಿ?" ಎಂದು ಕೇಳಿದ.

ಉತ್ತರ ಗಿರಿಜಾಳಿಂದ ಬಂತು. "ಅವ್ರು ಬರೀ ಅಚ್ಚು ಹಾಕ್ತಾರಣ್ಣಾ. ಬರಿಯಾವ್ರು ಬ್ಯಾರೆ."

ಆ ಮನುಷ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಧೋತರದ ಚುಂಗು ಕೊಡವಿಕೊಂಡು ಹೊರಟುಹೋದ.

ಕೆರೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿ ನೀರೆಲ್ಲ ಝಗಝಗ ಎನ್ನುತ್ತಿತ್ತು. ಪೊರೆ ಬಂದ ಕಣ್ಣಿಗೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಕಾಕಾ ಹಣೆಗೆ ಕೈ ಅಡ್ಡ ಹಿಡಿದು, "ಎಲ್ಲಿ ಅದಾವ ಅಳಿಯಂದ್ರ?" ಎಂದರು. ನಾನು ದುರ್ಬೀನು ಏರಿಸಿದೆ. ಪಕ್ಕದ ಮನೆಯವರು ಅದನ್ನು ಎಷ್ಟು ವರ್ಷ ಅಟ್ಟದ ಮೇಲೆ ಇಟ್ಟಿದ್ದರೋ, ಒಂದು ಕಣ್ಣಿಗೆ ಬೂಷ್ಟು, ಇನ್ನೊಂದಕ್ಕೆ ಮಂಜು. ಆದರೂ ಸಿಕ್ಕವು! ಆಚೆ ದಂಡೆಯ ಮೇಲೆ, ಬಂಡೆಗಳ ನಡುವೆ, ಬೂದುಬಿಳಿ ಮೈ ಚಾಚಿ ಸಾಲಾಗಿ ಮಲಗಿದ್ದವು. ಕಣ್ಣು ಕಿರಿದು ಮಾಡಿ ನೋಡಿದೆ. ಎರಡು ಕಪ್ಪು ಪಟ್ಟೆ. ಅಕ್ಷರಶಃ ಎರಡೇ. ನಾನು ತಿದ್ದಿದ ಕರಡಿನಲ್ಲಿ ಇದ್ದಂತೆಯೇ!

"ಅಲ್ಲಿ ನೋಡ್ರಿ ಮಾವಾರ. ಬಂಡಿ ಮ್ಯಾಲೆ. ಬೆಳ್ಳಗ."

ಕಾಕಾ ಬಹಳ ಹೊತ್ತು ನೋಡಿದರು. "ಹೌದು... ಏನೋ ಬೆಳ್ಳಗ ಕಾಣಾಕತೈತಿ. ಭಾಳ ದೊಡ್ಡವು ಅದಾವಲ್ಲ."

"ದೊಡ್ಡವ ಇರ್ತಾವ್ರಿ. ಹಿಮಾಲಯ ದಾಟಬೇಕಲ್ಲ. ಈಗ ದಣದು ಮಲಗ್ಯಾವ. ತಲಿ ರೆಕ್ಕಿಯೊಳಗ ಇಟ್ಟು ಮಲಗೋದು ಇವುಗಳ ಸ್ವಭಾವ."

ಕಾಕಾ ತಮ್ಮ ತಲೆಯ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡರು. ನಾನು ಇನ್ನೂ ಉತ್ಸಾಹದಿಂದ ರೆಕ್ಕೆಯ ಬಲ, ಹಾರುವ ಎತ್ತರ, ಸಾಲಿನ ಮುಂದಾಳು ಹಕ್ಕಿಯ ಜವಾಬ್ದಾರಿ ಎಲ್ಲವನ್ನೂ ವಿವರಿಸುತ್ತಿದ್ದೆ. ಅಷ್ಟರಲ್ಲಿ ಆಚೆ ದಂಡೆಗೆ ಒಬ್ಬ ಹೆಣ್ಣುಮಗಳು ಬಂದಳು. ಒಂದು ಹೆಬ್ಬಾತನ್ನು ಎರಡೂ ಕೈಯಿಂದ ಎತ್ತಿ ಝಾಡಿಸಿದಳು. ನಾಲ್ಕು ಮಡಿಕೆ ಮಾಡಿದಳು. ಬುಟ್ಟಿಯಲ್ಲಿಟ್ಟಳು.

ಒಂದೊಂದಾಗಿ ಹನ್ನೊಂದು ಹೆಬ್ಬಾತುಗಳನ್ನು ಮಡಚಿ, ಬುಟ್ಟಿ ತಲೆಯ ಮೇಲೆ ಹೊತ್ತು ಆಕೆ ಹೋದಳು. ಎರಡು ಕರಿ ಅಂಚಿನ ಧೋತರಗಳು! ಗಿರಿಜಾ ನನ್ನ ಕಡೆ ನೋಡಲಿಲ್ಲ. ನೋಡದೆಯೂ ಬೈಯುವ ವಿದ್ಯೆ ಅವಳಿಗೆ ಸಿದ್ಧಿಸಿದೆ.

"ಹಾರಿದ್ವೇನು?" ಎಂದರು ಕಾಕಾ.

"ಅವು ಅರಿವಿ ಕಾಕಾ" ಎಂದಳು ಗಿರಿಜಾ ಮೆಲ್ಲಗೆ. "ಒಣಹಾಕಿದ್ರು."

ಕಾಕಾ ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಆಗ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಷ್ಟು ವರ್ಷ ಒಂದು ಸುಳ್ಳನ್ನು ಹೊತ್ತು ತಿರುಗಿದ ಮನುಷ್ಯನಿಗೆ ನಾನು ಹೊಸದೊಂದು ಸುಳ್ಳನ್ನು ಕೊಟ್ಟು ಕಳಿಸುವುದರಲ್ಲಿದ್ದೆ.

ನಿಜವಾದ ಹೆಬ್ಬಾತುಗಳನ್ನು ಗುರುತಿಸಿದವಳು ಗಿರಿಜಾ. ನಮ್ಮ ಎಡಕ್ಕೆ, ನೀರಿನಂಚಿನ ಕೆಸರಿನ ಮೇಲೆ, ಒಣಗಿ ಬೂದಾದ ಎರೆಮಣ್ಣಿನ ಹೆಂಟೆಗಳೆಂದು ನಾನು ಬಿಟ್ಟಿದ್ದವೇ ಅವು. ಸಾವಿರಾರು ಇದ್ದವು. ಆದರೆ ಮಣ್ಣಿನ ಬಣ್ಣಕ್ಕೆ ಮಣ್ಣಿನ ಬಣ್ಣ ಸೇರಿ, ಕೂತಲ್ಲಿಂದ ಒಂದೂ ಅಲುಗುತ್ತಿರಲಿಲ್ಲ. ಇನ್ನಷ್ಟು ಹತ್ತಿರ ಹೋದೆವು. ಹಕ್ಕಿ ನೋಡುವವರು ಮರೆಯಾಗಿ ಕೂರಲೆಂದು ತಗಡಿನ ಒಂದು ಗೋಡೆ ಅಲ್ಲಿತ್ತು. ಕಣ್ಣಳತೆಗೆ ಕಿಂಡಿಗಳು. ಕಾಕಾ ಕಿಂಡಿಗೆ ಮುಖ ಒಡ್ಡಿ ನಿಂತರು.

"ಕಂಡ್ವೇನ್ರಿ ಮಾವಾರ?"

"ಮಣ್ಣು ಕಾಣಾಕತೈತಿ."

"ಆ ಮಣ್ಣಾಗನ ಅದಾವ್ರಿ."

"ಇರಬಹುದು ಅಳಿಯಂದ್ರ. ನನಗ ಕಾಣವಲ್ದು. ಕಾಣದ ಕಂಡ್ವು ಅಂತ ಇನ್ನೊಮ್ಮೆ ಹೇಳಲಾರೆ."

ಗಿರಿಜಾ ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಅವರ ಕಣ್ಣಿಗೆ ಹಿಡಿದಳು. ಅವರು ಕೈಯಿಂದ ಮೆಲ್ಲಗೆ ಸರಿಸಿದರು. "ಚಿತ್ರ ನಾನೂ ಬೋರ್ಡಿನ ಮ್ಯಾಲೆ ತಗದೀನವ್ವಾ" ಎಂದರು.

ಹೀಗೆ ಹನ್ನೆರಡೂವರೆ ಆಯಿತು. ಕಾಕಾಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಅಲ್ಲಿ ಬಿದ್ದಿದ್ದ ಒಂದು ಹಲಗೆಯನ್ನು ಎರಡು ಕಲ್ಲಿನ ಮೇಲಿಟ್ಟು ನಾನೇ ಬೆಂಚು ತಯಾರಿಸಿದೆ. ಗಿರಿಜಾ ಬುತ್ತಿ ಬಿಚ್ಚಿ ಒಂದು ರೊಟ್ಟಿ ಮುರಿದಳು.

ಕಟಂ!

ಮನೆಯಲ್ಲಿ ನಾಲ್ಕು ಜನ ಕೂತು ಕಟಕ ರೊಟ್ಟಿ ಮುರಿಯುವಾಗ ಅದು ಊಟದ ಸಪ್ಪಳ. ಪಿಸುಮಾತೂ ಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದ ಆ ಮರೆಯಲ್ಲಿ ಅದು ಪಟಾಕಿಯಂತೆ ಕೇಳಿಸಿತು. ಕಿಂಡಿಯಲ್ಲಿ ನೋಡಿದರೆ ಹತ್ತಿರದ ಇಪ್ಪತ್ತು ಹೆಬ್ಬಾತುಗಳು ಕೊರಳೆತ್ತಿ ನಮ್ಮ ಕಡೆ ತಿರುಗಿದ್ದವು.

"ಮುರೀಬ್ಯಾಡ" ಎಂದೆ ಪಿಸುದನಿಯಲ್ಲಿ.

"ಮುರೀದ ಹೆಂಗ ತಿನ್ನಬೇಕ್ರಿ?"

"ಬಾಯಾಗ ಇಟ್ಕೊಂಡು ನೆನೆಸ್ಬೇಕು."

ಕಾಕಾ ಶಿಸ್ತಿನ ಮನುಷ್ಯ. ಒಂದು ತುಂಡು ಬಾಯಲ್ಲಿಟ್ಟುಕೊಂಡು ಕಿಂಡಿಯ ಮುಂದೆ ಸುಮ್ಮನೆ ನಿಂತರು. ಎರಡು ನಿಮಿಷವಾಯಿತು, ಮೂರು ನಿಮಿಷವಾಯಿತು. ಗಿರಿಜಾಳ ಸಜ್ಜೆ ರೊಟ್ಟಿ ತಿಂಗಳಿಟ್ಟರೂ ಮೆತ್ತಗಾಗುವುದಿಲ್ಲ ಎಂದು ನಮ್ಮ ಓಣಿಯಲ್ಲಿ ಹೆಸರು. ಅದು ಆ ಹೆಸರನ್ನು ಉಳಿಸಿಕೊಂಡಿತು. ಕಾಕಾ ತಡೆಯಲಾರದೆ ಮೆಲ್ಲಗೆ ಅಗಿದರು. ಕರುಂ. ಇನ್ನೂ ನಲವತ್ತು ಹೆಬ್ಬಾತುಗಳು ಕೊರಳೆತ್ತಿದವು.

ಇಂಥ ಹೊತ್ತಿನಲ್ಲಿಯೇ ನನ್ನ ಬುದ್ಧಿ ಚುರುಕಾಗುವುದು. ಒಂದೊಂದೇ ಮುರಿದರೆ ಹತ್ತು ಸಲ ಸಪ್ಪಳ. ಎಲ್ಲವನ್ನೂ ಟಾವೆಲ್ಲಿನಲ್ಲಿ ಸುತ್ತಿ ಒಮ್ಮೆಲೇ ಒತ್ತಿದರೆ? ಸಪ್ಪಳವೆಲ್ಲ ಬಟ್ಟೆಯೊಳಗೇ ಅಡಗುತ್ತದೆ. ಪ್ರೆಸ್ಸಿನಲ್ಲಿ ಹಾಳೆಗಳನ್ನು ನಾವು ಒತ್ತುವುದೇ ಹಾಗೆ. ಒತ್ತಲು ಭಾರ ಬೇಕು. ಭಾರಕ್ಕೆ ನಾನಿದ್ದೆ. ಗಿರಿಜಾ ಬೇಡ ಎಂದು ಕೈ ಸನ್ನೆ ಮಾಡುತ್ತಿರುವಂತೆಯೇ ಉಳಿದ ಹತ್ತೂ ರೊಟ್ಟಿಯನ್ನು ಸುತ್ತಿ, ಹಲಗೆಯ ತುದಿಯಲ್ಲಿಟ್ಟು, ಉಸಿರು ಬಿಗಿಹಿಡಿದು ಅದರ ಮೇಲೆ ಕೂತೆ.

ಬಟ್ಟೆಯೊಳಗೆ ಸಪ್ಪಳ ಅಡಗಲಿಲ್ಲ. ಲಗ್ನದ ಸರಪಟಾಕಿ ಹಚ್ಚಿದಂತೆ ಪಟಪಟನೆ ಸಿಡಿಯಿತು. ಬೆಚ್ಚಿ ಹಿಂದಕ್ಕೆ ವಾಲಿದೆ. ಹಲಗೆಯ ಆಚೆ ತುದಿ ಎದ್ದು ತಗಡಿನ ಗೋಡೆಗೆ ಢಣ್ ಎಂದು ಬಡಿಯಿತು. ನಾನು ನೆಲಕ್ಕೆ ಬಿದ್ದು ಹೊರಳಿ ಬೋರಲಾದೆ. ಹಲಗೆ ನನ್ನ ಬೆನ್ನ ಮೇಲೆ ಬಂತು. ಅದರ ಮೇಲೆ ಮೊಸರಿನ ಡಬ್ಬಿ!

ಆಮೇಲೆ ನನಗೆ ಕೇಳಿಸಿದ್ದನ್ನಷ್ಟೇ ಹೇಳಬಲ್ಲೆ. ಮೊದಲು ಒಂದು ಕೂಗು, ಅದರ ಹಿಂದೆ ಸಾವಿರ ಕೂಗು. ಆಮೇಲೆ ರೆಕ್ಕೆಗಳ ಭೋರೆಂಬ ಸದ್ದು. ನನ್ನ ಮೂಗಿನ ಮುಂದಿನ ಮಣ್ಣಿನ ಮೇಲೆ ನೆರಳು ಹಾಯತೊಡಗಿತು. ಹಾಯುತ್ತಲೇ ಇತ್ತು. ಏಳಲು ಹೋದೆ. ಪ್ಯಾಂಟು ಹಲಗೆಯ ಮೊಳೆಗೆ ಸಿಕ್ಕಿತ್ತು. ಎಳೆದೆ. ಪ್ಯಾಂಟು ಹರಿಯಿತು, ಮೊಳೆ ಬಿಡಲಿಲ್ಲ.

ಆಗ ಕಾಕಾನ ದನಿ ಕೇಳಿಸಿತು.

"ಕಂಡ್ವು ಗಿರಿಜಾ. ಕಂಡ್ವವ್ವಾ. ಬೆಳ್ಳನ ಆಕಾಶದಾಗ ಕರ್ರಗ ಎಲ್ಲಾ ಕಾಣಾಕತ್ತಾವ. ಬಾಣದಂಗ ಸಾಲು ಹಿಡದು... ನಾ ಬೋರ್ಡಿನ ಮ್ಯಾಲೆ ತಗದಂಗನ ಅದಾವ."

ಅವರು ಅಳುತ್ತಿದ್ದರು. ಗಿರಿಜಾಳೂ ಅಳುತ್ತಿದ್ದಳು. ಹಲಗೆಯ ಕೆಳಗೆ ನಾನೂ ಅತ್ತೆ. ಅದರಲ್ಲಿ ಸಂತೋಷದ ಪಾಲೆಷ್ಟು, ಮೊಳೆಯ ಪಾಲೆಷ್ಟು ಎಂದು ಈಗಲೂ ಹೇಳಲಾರೆ.

ಹಲಗೆ ಸರಿಸಿ ಎದ್ದು ನಿಲ್ಲುವ ಹೊತ್ತಿಗೆ ಆಕಾಶ ಖಾಲಿಯಾಗಿತ್ತು. ನನಗೆ ಮೊದಲು ಕಂಡದ್ದು ಓಡಿಬಂದ ಕಾವಲುಗಾರನ ಚಪ್ಪಲಿ. ಆಮೇಲೆ ಅವನ ಮುಖ.

"ಕುಂತ ಹಕ್ಕಿ ಎಬ್ಬಸಬಾರ್ದು ಅಂತ ಗೊತ್ತಿಲ್ಲೇನ್ರಿ? ಮ್ಯಾಲೆ ಖಾಕಿ ಬ್ಯಾರೆ ಹಾಕ್ಕೊಂಡೀರಿ."

ತಪ್ಪಾಯಿತು ಎಂದು ಒಂದು ಕೈ ಎತ್ತಿ ನಮಸ್ಕರಿಸಿದೆ. ಇನ್ನೊಂದು ಕೈ ಪ್ಯಾಂಟಿನ ಹರಿದ ಭಾಗವನ್ನು ಹಿಡಿದುಕೊಂಡಿತ್ತು. ಕಾವಲುಗಾರ ರೊಟ್ಟಿಯ ಚೂರು ನೋಡಿದ, ಮೊಸರು ನೋಡಿದ, ಕಣ್ಣೊರೆಸಿಕೊಳ್ಳುತ್ತಿದ್ದ ಮುದುಕರನ್ನು ನೋಡಿದ. "ಊಟ ಆಚಿ ಗಿಡದ ಬುಡಕ ಮಾಡ್ರಿ" ಎಂದು ಹೋದ. ಹಕ್ಕಿಗಳೂ ದೊಡ್ಡ ಮನಸ್ಸು ಮಾಡಿ ಕಾಲು ತಾಸಿನಲ್ಲಿ ಮರಳಿ ಕೆರೆಯ ಆಚೆ ತುದಿಗೆ ಇಳಿದವಂತೆ. ಆಗ ನಾನು ಗಿಡದ ಹಿಂದೆ ಗಿರಿಜಾಳ ಸೇಫ್ಟಿಪಿನ್ನುಗಳಿಂದ ಪ್ಯಾಂಟು ರಿಪೇರಿ ಮಾಡಿಕೊಳ್ಳುತ್ತಿದ್ದೆ.

ಉಣ್ಣುವಾಗ ಕಾಕಾ ಕೇಳಿದರು. "ನೀವೂ ನೋಡಿದ್ರೆಲ್ಲ ಅಳಿಯಂದ್ರ?"

"ನಾ ವರ್ಷಾ ನೋಡಾಂವಲ್ರಿ ಮಾವಾರ" ಎಂದೆ. ಗಿರಿಜಾ ನನ್ನ ತಟ್ಟೆಗೆ ಶೇಂಗಾ ಹಿಂಡಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಕಾಕಾ ತಮ್ಮ ಮೊಬೈಲನ್ನು ಗಿರಿಜಾಳ ಕೈಗೆ ಕೊಟ್ಟರು. ಅವರ ಹಳೆಯ ವಿದ್ಯಾರ್ಥಿಗಳದೊಂದು ವಾಟ್ಸಾಪ್ ಬಳಗವಿದೆ. ಕಾಕಾ ಎದ್ದು ನಿಂತು, ಪಾಠ ಹೇಳುವವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಬರೆಸಿದರು.

"ಮಕ್ಕಳೇ, ಹೆಬ್ಬಾತನ್ನು ನೋಡಿದ್ದೇನೆ ಎಂದು ಏಳನೇ ತರಗತಿಯಲ್ಲಿ ನಿಮಗೆ ಹೇಳಿದ್ದು ಸುಳ್ಳು. ಇಂದು ಮಧ್ಯಾಹ್ನ ನೋಡಿದೆ. ತಡವಾದದ್ದಕ್ಕೆ ಕ್ಷಮಿಸಿರಿ."

ಗಿರಿಜಾ ಹಕ್ಕಿಗಳು ಎದ್ದ ಗಳಿಗೆಯಲ್ಲಿ ತೆಗೆದಿದ್ದ ಫೋಟೋವನ್ನೂ ಜೊತೆಗೆ ಕಳಿಸಿದಳು. ನಾನು ಚಹಾದ ಕಪ್ಪಿನೊಳಗೇ ಮುಖ ಇಟ್ಟುಕೊಂಡಿದ್ದೆ. ನಲವತ್ತು ಜನರ ಮುಂದೆ ಸುಳ್ಳು ಒಪ್ಪಿಕೊಂಡು ಆ ಮನುಷ್ಯ ಹಗುರಾಗಿ ನಿಂತಿದ್ದರು. ಮೂರೇ ಜನರಿದ್ದ ಊಟದಲ್ಲಿ ನನ್ನಿಂದ ಅದು ಆಗಿರಲಿಲ್ಲ.

ಮೊದಲ ಉತ್ತರ ಅಂದು ಪ್ರಶ್ನೆ ಕೇಳಿದ್ದ ಹುಡುಗಿಯದೇ. ಈಗ ಆಕೆಯೂ ಶಿಕ್ಷಕಿಯಂತೆ. ಗಿರಿಜಾ ಗಟ್ಟಿಯಾಗಿ ಓದಿದಳು.

"ಸರ, ನೀವು ನೋಡಿಲ್ಲ ಅನ್ನೋದು ನಮಗ ಅವತ್ತ ಗೊತ್ತಾಗಿತ್ರಿ. ಆದ್ರ ಚಿತ್ರ ಭಾಳ ಛಂದ ತಗದಿದ್ರಿ. ಫೋಟೋದಾಗ ಕೆಳಗ ಮೂಲ್ಯಾಗ, ಹಲಗಿ ಬುಡಕ, ಖಾಕಿ ಬಣ್ಣದ್ದು ಹಿಂಭಾಗ ಅಷ್ಟ ಕಾಣಾಕತೈತಿ. ಅದೇನ್ರಿ ಸರ? ಅದೂ ವಲಸಿ ಬಂದಿದ್ದೇನ್ರಿ?"

ಕಾಕಾ ನಾನು ಕೂತ ಕುರ್ಚಿಯ ಕಡೆ ಮುಖ ತಿರುಗಿಸಿ, ತುಟಿಯಂಚಿನಲ್ಲಿ ನಗುತ್ತ, ಒಂದೊಂದೇ ಮಾತು ಬಿಡಿಸಿ ಬರೆಸಿದರು.

"ಇಲ್ಲ. ಅದು ಇಲ್ಲಿಯದೇ. ನಮ್ಮ ಅಳಿಯಂದಿರು. ಹೆಬ್ಬಾತು ಹಾರುವುದನ್ನು ಅವರು ಇನ್ನೂ ನೋಡಬೇಕಾಗಿದೆ."